ಡೋರ್ನಹಳ್ಳಿ ಯಾತ್ರೆ: ಹೋಟೆಲ್ ಊಟ ಬಿಟ್ಟ ಮೇಲೆ ಲೆಕ್ಕ ಕೂಡಿತು

ಡೋರ್ನಹಳ್ಳಿ ಯಾತ್ರೆಗೆ ಬರುವ ನಲವತ್ತೈದು ಜನರನ್ನು ಆ ಹಳ್ಳಿಯ ಮನೆಗಳಿಗೆ ಊಟಕ್ಕೆ ಹಂಚುತ್ತೇನೆ ಎಂದಾಗ ನಮ್ಮ ಚರ್ಚಿನ ಪಾಲನಾ ಮಂಡಳಿಯಲ್ಲಿ ಒಬ್ಬರೂ ಒಪ್ಪಲಿಲ್ಲ. ‘ಗುರುತು ಪರಿಚಯ ಇಲ್ಲದವರಿಗೆ ಯಾರಪ್ಪ ಒಲೆ ಹಚ್ಚುತ್ತಾರೆ?’ ಎಂದು ಖಜಾಂಚಿಯವರು ತಳ್ಳಿಹಾಕಿಬಿಟ್ಟರು. ಈ ಜನವರಿಯ ಯಾತ್ರೆ ಮುಗಿದ ಮೇಲೆ ಮುಂದಿನ ಪಟ್ಟಿಯಲ್ಲಿ ಮೊದಲು ಹೆಸರು ಬರೆಸಿದವರು ಅವರೇ. ಬಸ್ ಗೊತ್ತು ಮಾಡುವುದು, ಗುರುಗಳಿಂದ ಪತ್ರ ತರುವುದು, ಜಪಸರದ (ರೋಸರಿ) ಸರದಿ ಹಂಚುವುದು ಯಾತ್ರೆ ನಡೆಸುವ ನಿಮಗೆಲ್ಲ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

ಬೆಂಗಳೂರಿನಿಂದ ಒಂದೇ ದಿನದ ದಾರಿ: ಶ್ರೀರಂಗಪಟ್ಟಣದ ಗಂಜಾಂ ಚರ್ಚ್, ಮೈಸೂರಿನ ಸಂತ ಫಿಲೋಮಿನಾ ಚರ್ಚ್, ಕೊನೆಗೆ ಡೋರ್ನಹಳ್ಳಿಯ ಸಂತ ಅಂತೋಣಿ ಬಸಿಲಿಕ (ಪೋಪ್ ಅವರ ವಿಶೇಷ ಮನ್ನಣೆ ಪಡೆದ ಚರ್ಚ್). ಮೊದಲೆಲ್ಲ ನಮ್ಮ ಪಟ್ಟಿಯಲ್ಲಿ ಐದಾರು ಚರ್ಚ್ ಇರುತ್ತಿದ್ದವು. ಇಳಿ, ಮೊಂಬತ್ತಿ ಹಚ್ಚು, ಫೋಟೊ ತೆಗೆ, ಹತ್ತು. ಮಂಡಿನೋವಿನ ಅಜ್ಜಿಯರು ಏಳೆಂಟು ಮಂದಿ ಇದ್ದರೆ ಇಳಿದು ಹತ್ತುವುದಕ್ಕೇ ಅರ್ಧ ಗಂಟೆ. ಒಮ್ಮೆ ಹುಮ್ಮಸ್ಸಿನಲ್ಲಿ ಹಾಸನದ ಕಡೆಯ ಶೆಟ್ಟಿಹಳ್ಳಿಯನ್ನೂ ಸೇರಿಸಿದೆವು. 1860ರ ಸುಮಾರಿನ ಆ ಚರ್ಚ್ ಹೇಮಾವತಿ ಹಿನ್ನೀರಿಗೆ ಸಿಕ್ಕಿ ಪಾಳುಬಿದ್ದಿರುವುದು ನಿಮಗೆ ಗೊತ್ತು. ಮಳೆಗಾಲದಲ್ಲಿ ಗೋಡೆ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಒಳಗೇ ನಡೆದು ಹೋಗಬಹುದು. ನೋಡಲೇಬೇಕಾದ ಜಾಗ. ಆದರೆ ಆ ದಿನ ಬೆಂಗಳೂರು ಸೇರಿದಾಗ ರಾತ್ರಿ ಒಂದು ದಾಟಿತ್ತು, ಬಸ್ಸಿನವನು ಹೆಚ್ಚುವರಿ ಕಿಲೋಮೀಟರಿನ ಹೆಸರಿನಲ್ಲಿ ನಾಲ್ಕು ಸಾವಿರದಷ್ಟು ಕಿತ್ತುಕೊಂಡ. ಶೆಟ್ಟಿಹಳ್ಳಿಗೆ ಬೇರೆಯೇ ದಿನ ಇಡಿ.

ನಿಜವಾದ ತೂತು ಇದ್ದದ್ದು ಊಟದಲ್ಲಿ. ಮೈಸೂರಿನ ಹೋಟೆಲಿನಲ್ಲಿ ತಲೆಗೆ ನೂರೆಂಬತ್ತರಂತೆ ಎಂಟು ಸಾವಿರ ಕೊಟ್ಟರೂ ಜಾಗ ಹಿಡಿದು, ಉಂಡು, ಕೈತೊಳೆದು ಎಲ್ಲರೂ ಬಸ್ಸಿಗೆ ಬರುವ ಹೊತ್ತಿಗೆ ಎರಡು ಗಂಟೆ ಹೋಗಿರುತ್ತಿತ್ತು. ಡೋರ್ನಹಳ್ಳಿ ತಲುಪುವಾಗ ಅರ್ಧ ಬಸ್ ನಿದ್ದೆಯಲ್ಲಿ. ತಲೆಗೆ ಸಾವಿರದ ನೂರು ವಸೂಲಿ ಮಾಡಿಯೂ ಕೈಯಿಂದ ಹಾಕಿದ ಸಂದರ್ಭಗಳಿವೆ. ಆಮೇಲೆ ಪರಿಚಯದ ಒಂದೇ ಮನೆಯಲ್ಲಿ ಎಲ್ಲರಿಗೂ ಅಡುಗೆ ಮಾಡಿಸಿ ನೋಡಿದೆ. ಆ ತಾಯಿ ಬೆಳಗಿನ ಜಾವ ಮೂರಕ್ಕೆ ಎದ್ದು ಬೇಯಿಸಿದ್ದರು. ನಮ್ಮವರು ಅಂಗಳದಲ್ಲಿ ಸಾಲಾಗಿ ಕುಳಿತು ಉಂಡು ಎದ್ದರು, ಆಕೆಯ ಮುಖವನ್ನು ಒಬ್ಬರೂ ಸರಿಯಾಗಿ ನೋಡಲಿಲ್ಲ. ಅದು ಮದುವೆಮನೆಯ ಪಂಕ್ತಿಯಾಯಿತೇ ಹೊರತು ಮನೆಭೇಟಿಯಾಗಲಿಲ್ಲ.

ಹಾಗಾಗಿ ಐದೈದು ಜನರಂತೆ ಒಂಬತ್ತು ಮನೆಗಳಿಗೆ ಹಂಚುವುದೆಂದು ತೀರ್ಮಾನಿಸಿದೆ. ಮೊದಲ ಸಲ ಲಕೋಟೆಯಲ್ಲಿ ಹಣ ಇಟ್ಟು ಕೊಟ್ಟಾಗ ಒಬ್ಬ ಹಿರಿಯರು ಸಿಟ್ಟಾಗಿಯೇ ಬಿಟ್ಟರು: ‘ಸಂತ ಅಂತೋಣಿಯವರ ಹತ್ತಿರ ಬಂದವರಿಗೆ ಅನ್ನ ಹಾಕಿ ದುಡ್ಡು ಎಣಿಸಿಕೊಳ್ಳಬೇಕೇನಪ್ಪ?’ ಈಗ ಹಣ ಕೊಡುವುದಿಲ್ಲ. ವಾರ ಮೊದಲೇ ಮನೆಗೊಂದು ದಿನಸಿ ಚೀಲ ತಲುಪಿಸುತ್ತೇನೆ: ಮೂರು ಕಿಲೋ ಸೋನಾಮಸೂರಿ, ಒಂದು ಕಿಲೋ ತೊಗರಿಬೇಳೆ, ಎಣ್ಣೆ, ಬೆಲ್ಲ, ಕಾಫಿಪುಡಿ. ಚೀಲಕ್ಕೆ ಏಳುನೂರರ ಆಸುಪಾಸು. ಅದನ್ನು ಯಾತ್ರಿಕರ ಕಾಣಿಕೆ ಎಂದು ಸಂತೋಷದಿಂದ ಇಳಿಸಿಕೊಳ್ಳುತ್ತಾರೆ. ಮನೆಗಳನ್ನು ಹೇಗೆ ಆರಿಸುತ್ತೇನೆ, ಯಾರನ್ನು ಯಾವ ಮನೆಗೆ ಕಳುಹಿಸುತ್ತೇನೆ ಎನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದನ್ನು ಕಲಿಯುವುದಕ್ಕೆ ನನಗೆ ವರ್ಷಗಳೇ ಹಿಡಿದಿವೆ.

ಸಮಯವೂ ಹೀಗೇ ಕೂಡಿಬಂತು. ಬೆಳಿಗ್ಗೆ ಐದಕ್ಕೆ ಹೊರಟು ಗಂಜಾಂನಲ್ಲಿ ಕಟ್ಟಿಕೊಂಡು ಬಂದ ಇಡ್ಲಿ. ಅಲ್ಲಿ ಆಬೆ ದುಬುವಾ ಅವರ ಬಗ್ಗೆ ಹತ್ತು ನಿಮಿಷ ಮಾತನಾಡುತ್ತೇನೆ: ಟಿಪ್ಪುವಿನ ಪತನದ ನಂತರ ಚದುರಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದ ಫ್ರೆಂಚ್ ಪಾದ್ರಿ, ನಮ್ಮವರಂತೆಯೇ ಉಟ್ಟು ಉಂಡವರು, ಸಿಡುಬಿಗೆ ಲಸಿಕೆ ಹಾಕಿಸಿದವರು, ಜನರ ಬಾಯಲ್ಲಿ ದೊಡ್ಡಸ್ವಾಮಿಗಳು. ಮೈಸೂರಿನಲ್ಲಿ ಒಂಬತ್ತರೊಳಗೆ ಇರಬೇಕು. 1933ರಲ್ಲಿ ನಾಲ್ವಡಿಯವರು ಅಡಿಗಲ್ಲು ಇಟ್ಟ ಸಂತ ಫಿಲೋಮಿನಾ ದೇವಾಲಯದ ನೆಲಮಾಳಿಗೆಯ ಹಾದಿ ಇಕ್ಕಟ್ಟು, ಪ್ರವಾಸಿಗರು ತುಂಬಿದ ಮೇಲೆ ಸಾಲು ಮುಂದೆ ಸರಿಯುವುದಿಲ್ಲ. ಹನ್ನೊಂದೂವರೆಗೆ ಡೋರ್ನಹಳ್ಳಿಯಲ್ಲಿ ನಮ್ಮ ಗುರುಗಳದೇ ಬಲಿಪೂಜೆ (ಮಾಸ್). ಸಂತ ಅಂತೋಣಿಯವರ ವಾರವಾದ ಮಂಗಳವಾರವೂ ಜೂನ್ 13ರ ಹಬ್ಬದ ಹೊತ್ತೂ ಬೇಡ, ಶನಿವಾರವೇ ಸರಿ. 2019ರಲ್ಲಿ ಬಸಿಲಿಕ ಪಟ್ಟ ಸಿಕ್ಕಿದ ಮೇಲೆ ಜನ ಇನ್ನೂ ಹೆಚ್ಚಿದ್ದಾರೆ. ಒಂದರಿಂದ ಮೂರೂವರೆಯವರೆಗೆ ಪೂರ್ತಿ ಮನೆಗಳಿಗೇ ಬಿಟ್ಟಿದ್ದು.

ಒಂದು ಮನೆಯಲ್ಲಿ ನಾನೂ ಕುಳಿತಿದ್ದೆ. ಯೇಸುವಿನ ಪವಿತ್ರ ಹೃದಯದ ಪಟಕ್ಕೆ ಕೆಂಪು ಬಲ್ಬು, ಅದರ ಕೆಳಗೆ ಭತ್ತದ ಮೂಟೆಗಳು. ಅವರೆಕಾಳಿನ ಕಾಲವಾದ್ದರಿಂದ ಹಿಚುಕಿದ ಬೇಳೆಯ ಸಾರು, ಮುದ್ದೆ. ನಮ್ಮ ಹುಡುಗನೊಬ್ಬ ಮುದ್ದೆಯನ್ನು ಅಗಿಯುತ್ತಿದ್ದುದನ್ನು ಕಂಡು ಆ ಮನೆಯ ಅಜ್ಜಿ ಹತ್ತಿರ ಬಂದು, ಬೆರಳು ಸಾರಿನಲ್ಲಿ ಅದ್ದಿ, ಚೂರು ಮುರಿದು ಉಂಡೆ ಮಾಡಿ, ‘ನುಂಗು ಮಗ, ಹಲ್ಲಿಗೆ ಕೆಲಸ ಕೊಡಬೇಡ’ ಎಂದರು. ಆಮೇಲೆ ರೈತನೊಬ್ಬನ ನೇಗಿಲಿಗೆ ಮರದ ಮೂರ್ತಿ ಸಿಕ್ಕಿದ್ದು, ಅದನ್ನು ಬೊಂಬೆ ಎಂದು ಮಕ್ಕಳ ಕೈಗೆ ಕೊಟ್ಟಿದ್ದು, ಸಂತರು ಕನಸಿನಲ್ಲಿ ಬಂದಿದ್ದು ಎಲ್ಲವನ್ನೂ ತಮ್ಮ ಮನೆಯ ಸುದ್ದಿ ಎಂಬಂತೆ ಹೇಳಿದರು. ಇದೇ ಕಥೆಯನ್ನು ನಾನು ಬಸ್ಸಿನ ಮೈಕಿನಲ್ಲಿ ಎಷ್ಟು ಸಲ ಹೇಳಿದ್ದೇನೋ, ಒಬ್ಬರೂ ಕಿವಿಗೊಟ್ಟಿರಲಿಲ್ಲ. ಈಗ ಮೈಕಿನಲ್ಲಿ ಆ ಭಾಗವನ್ನು ಹೇಳುವುದನ್ನೇ ನಿಲ್ಲಿಸಿದ್ದೇನೆ. ಪಕ್ಕದ ಗೌಡರ ಮನೆಯವರೂ ಸಂತರಿಗೆ ಹರಕೆ ಹೊತ್ತವರೇ. ಕರೆಯದೆಯೇ ಒಂದು ತಂಬಿಗೆ ಮಜ್ಜಿಗೆ ಬಂತು.

ಬಸ್ಸಿಗೆ ಟೋಲ್, ಚಾಲಕನ ಬಾಟಾ ಸೇರಿ ಇಪ್ಪತ್ತೆಂಟು ಸಾವಿರ, ದಿನಸಿಗೆ ಆರೂವರೆ, ತಿಂಡಿಗೆ ಎರಡೂವರೆ, ಪೂಜೆಯ ಕಾಣಿಕೆ ಒಂದು ಸಾವಿರ. ತಲೆಗೆ ಎಂಟುನೂರ ಐವತ್ತು ವಸೂಲಿ ಮಾಡಿದರೂ ಕೊನೆಯಲ್ಲಿ ಇನ್ನೂರು ಚಿಲ್ಲರೆ ಉಳಿಯಿತು. ಕೊನೆಯ ಎರಡು ಕಿಲೋಮೀಟರ್ ಜಪಸರ ಹೇಳುತ್ತ ನಡೆಸಿಯೂ ನೋಡಿದೆ. ಹನ್ನೊಂದರ ಬಿಸಿಲಿಗೆ ವಯಸ್ಸಾದವರು ಬಳಲಿದರು, ಮಕ್ಕಳಿಗೆ ಮಾತ್ರ ಅದೇ ಹೆಚ್ಚು ಹಿಡಿಸಿತು. ಮುಂದಿನ ಸಲ ಬಯಸಿದವರಿಗಷ್ಟೇ ನಡಿಗೆ. ಮಾರ್ಚ್‌ನಲ್ಲಿ ಹೋಗುವವರು ಶುಕ್ರವಾರ ಬಿಡಬೇಡಿ: ತಪಸ್ಸು ಕಾಲದಲ್ಲಿ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು) ಅಂದು ಮಾಂಸವಿಲ್ಲದ ಕಾರಣ, ‘ನೆಂಟರು ಬಂದಿದ್ದಾರೆ, ಕೋಳಿ ಕೊಯ್ಯಲಿಲ್ಲವಲ್ಲ’ ಎಂಬ ಸಂಕೋಚ ಯಾವ ಮನೆಗೂ ಇರುವುದಿಲ್ಲ.