ಹಳೆ ಬೋಟಿಗೆ ದೊಡ್ಡ ಎಂಜಿನ್ ಬೇಕಾ? ಮೊದಲು ನೀರಿನ ಪಂಪ್ ಬಿಚ್ಚಿ ನೋಡಿ

ಬೋಟ್ ಹಳೆಯದಾದರೆ ದೊಡ್ಡ ಎಂಜಿನ್ ಕೂರಿಸುವ ಆಸೆ ಬರುತ್ತದೆ. ಸ್ವಲ್ಪ ತಡೆಯಿರಿ. ಬೀದರ್‌ನ ಕಾರಂಜಾ ಹಿನ್ನೀರಿನಂಥ ಕಡೆ ಔಟ್‌ಬೋರ್ಡ್ ಎಂಜಿನ್ನನ್ನು (ಬೋಟಿನ ಹಿಂದೆ ಹೊರಗಡೆ ತೂಗುಹಾಕುವ ಎಂಜಿನ್) ವಯಸ್ಸಿಗಿಂತ ಜಾಸ್ತಿ ಕಾಡುವುದು ರಾಡಿ ನೀರು. ಬೇಸಿಗೆಯಲ್ಲಿ ನೀರು ಇಳಿದಾಗ ಪ್ರೊಪೆಲ್ಲರ್ ತಳದ ಮಣ್ಣನ್ನು ಕೆದಕುತ್ತದೆ. ಎಂಜಿನ್ ತಂಪಾಗಲು ಎಳೆದುಕೊಳ್ಳುವುದೂ ಅದೇ ನೀರನ್ನೇ ಅಲ್ವಾ?

ಹಾಗಾಗಿ ಆ ನೀರನ್ನು ಎಳೆಯುವ ಪಂಪಿನ ಇಂಪೆಲ್ಲರ್‌ನಿಂದ ಶುರು ಮಾಡಿ. ಬ್ಯಾಟರಿ ತಂತಿ, ಪ್ಲಗ್ ಕ್ಯಾಪ್ ತೆಗೆದಿಡಿ. ಗೇರ್ ಲಿಂಕ್ ಬಿಡಿಸಿ, ಬೋಲ್ಟ್ ಬಿಚ್ಚಿ, ಎಂಜಿನ್ನಿನ ಕೆಳಭಾಗವನ್ನು ಇಳಿಸಿ. ಪಂಪಿನೊಳಗೆ ರಬ್ಬರ್ ರೆಕ್ಕೆಗಳ ಚಕ್ರವೊಂದಿದೆ, ಅದೇ ಇಂಪೆಲ್ಲರ್. ರೆಕ್ಕೆ ಸವೆದಿದ್ದರೆ, ಒಂದೇ ಕಡೆ ಬಾಗಿ ಗಟ್ಟಿಯಾಗಿದ್ದರೆ ಬದಲಿಸಿ. ಮುರಿದಿದ್ದರೆ ಆ ಚೂರು ಸಿಗುವವರೆಗೂ ಹುಡುಕಿ. ಅದು ಮೇಲೆ ಹೋಗಿ ನೀರಿನ ದಾರಿಗೆ ಅಡ್ಡ ಕೂತರೆ ಹೊಸ ಇಂಪೆಲ್ಲರ್ ಹಾಕಿಯೂ ಎಂಜಿನ್ ವಿಪರೀತ ಬಿಸಿಯಾಗುತ್ತದೆ. ಹೊಸದನ್ನು ಕೂರಿಸುವಾಗ ಶಾಫ್ಟನ್ನು ಅದು ತಿರುಗುವ ದಿಕ್ಕಿಗೇ ತಿರುಗಿಸುತ್ತಾ ಕವಚ ಒತ್ತಿ. ರೆಕ್ಕೆಗಳು ಸರಿಯಾದ ಕಡೆಗೆ ಬಾಗುತ್ತವೆ. ನೀರಿಲ್ಲದೆ ಸುಮ್ನೆ ಸ್ಟಾರ್ಟ್ ಮಾಡಿ ನೋಡಬೇಡಿ. ಒಣಗಿದ ರಬ್ಬರ್ ಬೇಗ ಸುಟ್ಟುಹೋಗುತ್ತದೆ.

ಕೆಳಭಾಗ ಕೈಯಲ್ಲಿರುವಾಗಲೇ ಗೇರ್ ಆಯಿಲ್ ಬದಲಿಸಿ. ಹಾಲು ಬೆರೆತ ಚಹಾದ ಬಣ್ಣ ಬಂದಿದ್ದರೆ ನೀರು ಸೇರಿದೆ ಎಂದೇ ಅರ್ಥ, ಸೀಲ್ ಹೋಗಿರಬಹುದು. ಹೊಸ ಆಯಿಲನ್ನು ಕೆಳಗಿನ ತೂತಿನಿಂದ ತುಂಬಿ. ಮೇಲಿನ ತೂತಿನಲ್ಲಿ ಬಂದಾಗ ಮೊದಲು ಮೇಲಿನ ಸ್ಕ್ರೂ ಬಿಗಿಯಿರಿ, ಆಮೇಲೆ ಕೆಳಗಿನದು.

ಪೆಟ್ರೋಲ್ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಈಗ ಬಂಕ್‌ಗಳಲ್ಲಿ ಸಿಗುವುದು 20% ಎಥೆನಾಲ್ ಬೆರೆತದ್ದು. ಎಥೆನಾಲ್ ತೇವ ಎಳೆದುಕೊಳ್ಳುತ್ತದೆ, ಹಳೆ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತದೆ. ಎಥೆನಾಲ್ ತಡೆಯುವ ಪೈಪ್, ನೀರು ಬೇರ್ಪಡಿಸುವ ಫಿಲ್ಟರ್ ಹಾಕಿಸಿ. ನನ್ನ ಪ್ರಕಾರ ಹಳೆ ಬೋಟಿಗೆ ಮೊದಲು ಮಾಡಿಸಬೇಕಾದ ಸುಧಾರಣೆ ಇದೇ. ತಿಂಗಳುಗಟ್ಟಲೆ ಬೋಟ್ ನಿಲ್ಲಿಸುವುದಾದರೆ ಕಾರ್ಬುರೇಟರ್ ಖಾಲಿ ಮಾಡಿಡಿ. ಟೂ-ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲ್-ಆಯಿಲ್ ಪ್ರಮಾಣ 50:1 ಎಂದು ಕಂಪನಿ ಹೇಳಿದ್ದರೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಆಯಿಲ್.

ಇಷ್ಟಾದ ಮೇಲೂ ಎಂಜಿನ್ ಬದಲಿಸಲೇಬೇಕಾ? ಬೋಟಿನ ಫಲಕದಲ್ಲಿ ಬರೆದಿರುವ ಗರಿಷ್ಠ ಎಚ್‌ಪಿ ಮೀರಬೇಡಿ. ಎಂಜಿನ್ ತೂಗುವ ಹಿಂಬದಿಯ ಹಲಗೆಯನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಿ. ಮಂದವಾದ ಸದ್ದು ಬಂದರೆ ಒಳಗೆ ಮರ ಕೊಳೆತಿರಬಹುದು. ಅದೇ ಎಚ್‌ಪಿಯ ಫೋರ್-ಸ್ಟ್ರೋಕ್ ಸಾಮಾನ್ಯವಾಗಿ ಹೆಚ್ಚು ತೂಕ. ಹಲಗೆ ಗಟ್ಟಿಯಿಲ್ಲದೆ ಅದನ್ನು ತೂಗುಹಾಕುವುದು ಅಪಾಯ.

ಕೊನೆಗೆ ಪೂರ್ತಿ ಜನ ಕೂರಿಸಿ, ಎಲ್ಲರಿಗೂ ಲೈಫ್ ಜಾಕೆಟ್ ಹಾಕಿಸಿ, ಆಳದ ನೀರಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು ನೋಡಿ. ಎಂಜಿನ್ನಿನ ಹಿಂದಿನ ಸಣ್ಣ ತೂತಿನಿಂದ ನೀರಿನ ಧಾರೆ ನಿಲ್ಲದೆ ಚಿಮ್ಮಬೇಕು. ಕಂಪನಿ ಹೇಳಿದ ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಮುಟ್ಟದಿದ್ದರೆ ಕಡಿಮೆ ಪಿಚ್‌ನ, ಅಂದರೆ ಒಂದು ಸುತ್ತಿಗೆ ಲೆಕ್ಕದಲ್ಲಿ ಕಡಿಮೆ ದೂರ ಸಾಗುವ, ಪ್ರೊಪೆಲ್ಲರ್ ಹಾಕಿ. ಪಿಚ್ ಒಂದು ಇಂಚು ಇಳಿಸಿದರೆ ಸುಮಾರು 200 ಆರ್‌ಪಿಎಂ ಏರುತ್ತದೆ.