ಕೆಂಪಾಗದ ಕಣ್ಣು

ಡೊಂಬಿವಲಿಯಿಂದ ಮುಂಬೈಯ ಮಾಟುಂಗಾದಲ್ಲಿರುವ ನನ್ನ ಕಣ್ಣಿನ ಕ್ಲಿನಿಕ್ಕಿಗೆ ಬಂದ ಆ ಹುಡುಗಿಗೆ ಆರು ವರ್ಷ. ಮನೆಯವರ ಊರು ಕುಂದಾಪುರದ ಕಡೆ. ಮೊಣಕಾಲು ಊದಿ, ಮಕ್ಕಳ ಸಂಧಿವಾತ ಎಂದು ಗೊತ್ತಾಗಿತ್ತು. "ಕಣ್ಣು ಯಾಕೆ ತೋರಿಸಬೇಕು ಡಾಕ್ಟ್ರೇ? ಕೆಂಪಿಲ್ಲ, ನೋವಿಲ್ಲ" ಎಂದರು ಅಮ್ಮ.

ಈ ಸಂಧಿವಾತ ಕೆಂಪು, ನೋವು ಇಲ್ಲದೆಯೇ ಕಣ್ಣೊಳಗೂ ಉರಿಯೂತ ತರಬಹುದು. ಇದರ ಮೋಸವೇ ಅದು. ಕಣ್ಣು ನೋಡುವ ಸೂಕ್ಷ್ಮದರ್ಶಕವಾದ ಸ್ಲಿಟ್ ಲ್ಯಾಂಪಿನ ಬೆಳಕು ಹಾಯಿಸಿದರೆ, ಬಿಸಿಲುಕೋಲಿನಲ್ಲಿ ಧೂಳು ತೇಲಿದ ಹಾಗೆ ಕಣ್ಣೊಳಗೆ ಕಣಗಳು. ಯುವಿಯೈಟಿಸ್, ಅಂದರೆ ಕಣ್ಣೊಳಗಿನ ಉರಿಯೂತ. ಪಾಪೆಯ ಅಂಚು ಆಗಲೇ ಹಿಂದಿನ ಲೆನ್ಸಿಗೆ ಅಂಟಿತ್ತು.

ಸ್ಟೀರಾಯ್ಡ್ ಹನಿ, ಪಾಪೆ ಅಗಲಿಸುವ ಹನಿ ಶುರು ಮಾಡಿದೆ. ಕಣಗಳು ಇಳಿದವು. ಹನಿ ಕಡಿಮೆ ಮಾಡಿದೆ, ಮತ್ತೆ ಬಂದವು. ಹಿಂದೊಮ್ಮೆ ಇನ್ನೊಂದು ಮಗುವಿಗೆ ಹೀಗೇ ಆದಾಗ ನಾನು ವರ್ಷವಿಡೀ ಹನಿಯಲ್ಲೇ ತಳ್ಳಿದ್ದೆ. ಪೊರೆ ಬಂತು. ತಪ್ಪು ನನ್ನದೇ. ಈಗ ಮೂರು ತಿಂಗಳಾದರೂ ಹನಿ ಬಿಡಲಾಗದಿದ್ದರೆ ಮಕ್ಕಳ ಸಂಧಿವಾತದ ಡಾಕ್ಟರಿಗೆ ಫೋನ್ ಮಾಡುತ್ತೇನೆ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮೆಥೊಟ್ರೆಕ್ಸೇಟ್ ಮಾತ್ರೆ ಶುರುವಾಗುತ್ತದೆ. ಇವಳಿಗೂ ಹಾಗೇ ಆಯಿತು.

"ಅದು ಕ್ಯಾನ್ಸರ್ ಔಷಧಿ ಅಲ್ವಾ?" ಅಪ್ಪ ಫೋನಿನಲ್ಲಿ ನೋಡಿಕೊಂಡು ಬಂದಿದ್ದರು. ಇಲ್ಲಿ ಕೊಡುವುದು ತುಂಬಾ ಕಡಿಮೆ ಡೋಸ್, ವಾರಕ್ಕೆ ಒಂದೇ ಸಲ ಎಂದೆ. ದಿನಾ ಕೊಟ್ಟರೆ ಮಾತ್ರ ಪ್ರಾಣಕ್ಕೇ ಅಪಾಯ. ಹಾಗಾಗಿ ಚೀಟಿಯಲ್ಲಿ "ಶನಿವಾರ ಮಾತ್ರ" ಎಂದು ದೊಡ್ಡದಾಗಿ ಬರೆದೆ. ಶನಿವಾರ ರಾತ್ರಿಯೇ ಏಕೆಂದರೆ, ಭಾನುವಾರ ಹೊಟ್ಟೆ ತೊಳೆಸಿದರೂ ಶಾಲೆ ತಪ್ಪುವುದಿಲ್ಲ. ಫೋಲಿಕ್ ಆಸಿಡ್ ಬೇರೆ ದಿನ. ಆಗಾಗ ರಕ್ತ ಪರೀಕ್ಷೆ, ಲಿವರ್ ನೋಡಲು. ಕೆಲವು ತಿಂಗಳಲ್ಲಿ ಅವಳಿಗೆ ಆ ಹಳದಿ ಮಾತ್ರೆ ಕಂಡರೇ ವಾಂತಿ. ಚರ್ಮದಡಿ ಇಂಜೆಕ್ಷನ್ನಿಗೆ ಬದಲಾಯಿಸಿದೆವು.

ಆದರೂ ಪೂರ್ತಿ ತಣ್ಣಗಾಗಲಿಲ್ಲ. ಉರಿಯೂತ ತಡೆಯುವ ಅಡಾಲಿಮುಮ್ಯಾಬ್ ಇಂಜೆಕ್ಷನ್ ಸೇರಿಸಿದೆವು. 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವನ್ನು 90 ಮಕ್ಕಳು ಸೇರುತ್ತಲೇ ನಡುವೆಯೇ ನಿಲ್ಲಿಸಿದ್ದರು. ಮೆಥೊಟ್ರೆಕ್ಸೇಟ್ ಜೊತೆ ಇದನ್ನು ಪಡೆದವರಿಗೆ ಅಷ್ಟು ಸ್ಪಷ್ಟ ಲಾಭ ಕಂಡಿತ್ತು. 30 ಕಿಲೋಗಿಂತ ಕಡಿಮೆ ತೂಕಕ್ಕೆ ಎರಡು ವಾರಕ್ಕೊಮ್ಮೆ 20 ಮಿಲಿಗ್ರಾಂ. ಅದಕ್ಕೂ ಮೊದಲು ಟಿಬಿ ಪರೀಕ್ಷೆ. ಮುಂಬೈಯಲ್ಲಿ ಅದನ್ನು ಸುಮ್ನೆ ಬಿಡುವ ಹಾಗೇ ಇಲ್ಲ. ಅಡಗಿದ ಟಿಬಿಯನ್ನು ಈ ಔಷಧಿ ಎಬ್ಬಿಸಬಹುದು.

ಮೇ ತಿಂಗಳಲ್ಲಿ ಊರಿಗೆ ಹೋಗುವ ಮತ್ಸ್ಯಗಂಧಾ ರೈಲು ಹತ್ತುವ ಮೊದಲು ಅಮ್ಮನ ಚಿಂತೆ ಅಡಾಲಿಮುಮ್ಯಾಬ್ ಇಂಜೆಕ್ಷನ್ನಿನದು. 2ರಿಂದ 8 ಡಿಗ್ರಿ ಬೇಕು, ಐಸಿಗೆ ನೇರ ತಾಗಬಾರದು. ಬಟ್ಟೆ ಸುತ್ತಿ ಥರ್ಮಸ್ ಡಬ್ಬಿಯಲ್ಲಿ ಊರಿನ ಫ್ರಿಜ್ಜಿನವರೆಗೆ ಒಯ್ದರು.

ಈಗ ಹನಿ ನಿಂತು ಏಳು ತಿಂಗಳು. ಇಂಜೆಕ್ಷನ್ ನಿಲ್ಲಿಸೋಣವಾ ಎಂದು ಕಳೆದ ಸಲ ಅಪ್ಪ ಕೇಳಿದರು. ಕನಿಷ್ಠ ಎರಡು ವರ್ಷ ಕಣ್ಣು ಶಾಂತವಾಗಿರಲಿ ಎಂದು ಮೂರು ತಿಂಗಳ ನಂತರದ ತಪಾಸಣೆಯ ತಾರೀಖು ಬರೆದುಕೊಟ್ಟೆ.