ಹಸಿದ ಕಣಜಕ್ಕೆ ಹುಳು ಬೇಡ, ಹೂ ಬೇಕು

ಎಲೆಕೋಸಿನ ಹುಳುವಿನೊಳಗೆ ಮೊಟ್ಟೆಯಿಡುವ ಕೊಟೀಸಿಯಾ, ಗಿಡಹೇನಿನೊಳಗೆ ಇಡುವ ಅಫಿಡಿಯಸ್‌ನಂಥ ಪರತಂತ್ರ ಕಣಜಗಳಲ್ಲಿ ಮರಿಗೆ ಹುಳು ಆಹಾರ, ತಾಯಿಗೆ ಸಕ್ಕರೆ. ಹೂ ಹುಡುಕಿ ಹೊರಟರೆ ಮೊಟ್ಟೆಯಿಡುವ ಹೊತ್ತು ಹಾಳು. ಹೋಗದಿದ್ದರೆ ಎಷ್ಟೋ ಜಾತಿಗಳು ಎರಡು-ಮೂರು ದಿನಕ್ಕೇ ಸಾಯುತ್ತವೆ. ಸಿಹಿ ಸಿಕ್ಕರೆ ವಾರಗಟ್ಟಲೆ ಬದುಕುತ್ತವೆ.

ಯಾವುದು ಮೊದಲು ಎಂಬುದನ್ನು ಹೊಟ್ಟೆಯೇ ಹೇಳುತ್ತದೆ. ವೆನಿಲಾ, ಚಾಕೊಲೇಟ್ ವಾಸನೆಗಳಲ್ಲಿ ಒಂದನ್ನು ಆಹಾರಕ್ಕೆ, ಇನ್ನೊಂದನ್ನು ಹುಳುವಿಗೆ ಜೋಡಿಸಿ ಮೈಕ್ರೊಪ್ಲೈಟಿಸ್ ಎಂಬ ಇಂಥದ್ದೇ ಕಣಜಕ್ಕೆ ಕಲಿಸಿದ ಪ್ರಯೋಗ 1990ರಲ್ಲಿ ಪ್ರಕಟವಾಯಿತು. ಹಸಿದವು ಆಹಾರದ ವಾಸನೆಯತ್ತ ಹಾರಿದವು, ಹೊಟ್ಟೆ ತುಂಬಿದವು ಹುಳುವಿನ ವಾಸನೆಯತ್ತ. ಹಾಗಾಗಿ ಬೆಳೆ ತಿನ್ನುವ ಕೀಟವನ್ನು ಈ ಕಣಜಗಳಿಂದ ಹತೋಟಿಗೆ ತರಬೇಕೆಂದರೆ ನಮ್ಮ ಕೆಲಸ ಇಷ್ಟೇ: ಹೂವಿಗೂ ಹುಳುವಿಗೂ ನಡುವಿನ ಓಡಾಟ ತಗ್ಗಿಸುವುದು.

ಮೊದಲು ಹೂವಿನ ಆಯ್ಕೆ. ಈ ಕಣಜಗಳ ಬಾಯಿ ಗಿಡ್ಡ. ಕೊಳವೆಯಂಥ ಹೂವಿನ ತಳದ ಮಕರಂದ ಅವುಗಳಿಗೆ ಎಟುಕದು. ಕೊತ್ತಂಬರಿ, ಸಬ್ಬಸಿಗೆ, ಸೋಂಪಿನ ಚಿಕ್ಕ ತೆರೆದ ಹೂಗಳೇ ಸರಿ.

ಎಲೆಕೋಸಿನ ಬೀಜ ಸಸಿಮಡಿಗೆ ಹಾಕುವ ದಿನವೇ ಕೊತ್ತಂಬರಿಯನ್ನೂ ಬಿತ್ತಿ. ಹೂ ಬಿಡಲು ಅದಕ್ಕೆ ಒಂದೂವರೆ-ಎರಡು ತಿಂಗಳು ಬೇಕು. ಅಷ್ಟರಲ್ಲಿ ನಾಟಿಯಾದ ಸಸಿ ಬೇರು ಬಿಟ್ಟಿರುತ್ತದೆ. ಮೂರು ವಾರ ಬಿಟ್ಟು ಇನ್ನೊಂದು ಸುತ್ತು ಬಿತ್ತಿ, ಇಲ್ಲವಾದರೆ ಮೊದಲ ಹೂ ಉದುರಿದ ಮೇಲೆ ಕಣಜಕ್ಕೆ ಮತ್ತೆ ಉಪವಾಸ. ಎಲ್ಲವನ್ನೂ ಒಂದೇ ಮೂಲೆಯಲ್ಲಿ ಬೆಳೆಸಬೇಡಿ, ಬೆಳೆಯ ಸಾಲುಗಳ ನಡುವೆಯೇ ಬರಲಿ. ಸೊಪ್ಪಿನ ಆಸೆಗೆ ಕಿತ್ತರೆ ಹೂವೇ ಇರದು.

ತಂದು ಬಿಡುವ ಕಣಜವಾದರೆ, ಬಿಡುವ ಮುನ್ನ ಡಬ್ಬಿಯೊಳಗೆ ಜೇನಿನ ತೆಳು ಗೆರೆ ಎಳೆಯಿರಿ. ಹನಿ ದಪ್ಪವಾದರೆ ಅದರಲ್ಲೇ ಕಾಲು ಅಂಟಿ ಸಾಯುತ್ತವೆ. ನೀರು ಬೆರೆಸಿದ ಜೇನಿನಲ್ಲಿ ಹತ್ತಿ ಅದ್ದಿ ಇಡುವುದಾದರೆ ದಿನವೂ ಬದಲಿಸಿ; ಹುಳಿ ಬರುತ್ತದೆ.

ಗಿಡಹೇನು ಸುರಿಸುವ ಅಂಟು ಕೂಡ ಸಿಹಿಯೇ, ಆದರೆ ಸಾಮಾನ್ಯವಾಗಿ ಮಕರಂದದಷ್ಟು ಒಳ್ಳೆಯದಲ್ಲ. ಅದರ ಆಸೆಗೆ ಬರುವ ಇರುವೆ ಕಣಜವನ್ನೇ ಅಟ್ಟುತ್ತದೆ. ಕಾಂಡದ ಬುಡಕ್ಕೆ ಅಂಟುಪಟ್ಟಿ ಸುತ್ತಿ ಇರುವೆಯ ದಾರಿ ಕಡಿಯಿರಿ. ಬೇರಿನಿಂದ ಗಿಡಕ್ಕೇರುವ ಕೀಟನಾಶಕ ಮಕರಂದಕ್ಕೂ ಇಳಿಯಬಹುದು, ಹೂಸಾಲಿನ ಹತ್ತಿರ ಅದು ಬೇಡವೇ ಬೇಡ.

ಫಲ ನೋಡುವುದಕ್ಕೆ ಎಲೆ ಮಗುಚಿ. ಉಬ್ಬಿ, ಕಂದು ಬಣ್ಣಕ್ಕೆ ತಿರುಗಿ ಅಲುಗದೆ ಕೂತ ಹೇನು, ಸೊರಗಿದ ಹುಳುವಿನ ಪಕ್ಕ ಹಳದಿ ಗೂಡುಗಳ ಗೊಂಚಲು ಕಂಡರೆ ಅವನ್ನು ಹೊಸಕಬೇಡಿ. ಮುಂದಿನ ಪೀಳಿಗೆಯ ಕಣಜ ಅದರೊಳಗಿದೆ.